ಯಗಟಿಯ ತಿದ್ದುಪಡಿ

ಪಕ್ಷದ ಕಚೇರಿಯಲ್ಲಿ ಕೆಲಸ ಮಾಡ್ತಿದ್ದೆ ಅಂದರೆ ಜನ ನನ್ನನ್ನ ಎರಡೇ ಥರ ನೋಡ್ತಾರೆ. ಒಂದು, ಈಯಮ್ಮ ಚೆನ್ನಾಗಿ ದುಡ್ಡು ಮಾಡ್ಕೊಂಡಿರಬೇಕು ಅಂತ. ಇನ್ನೊಂದು, ಅಯ್ಯೋ ಪಾಪ, ಬೇರೆ ಕೆಲಸ ಸಿಗಲಿಲ್ಲವೇನೋ ಅಂತ. ಎರಡೂ ಸುಳ್ಳು. ಕಡೂರಿನ ಕಚೇರಿಗೆ ಟೈಪಿಸ್ಟಾಗಿ ಸೇರಿದೆ, ಕಚೇರಿ ಕಾರ್ಯದರ್ಶಿಯಾಗಿ ಮನೆಗೆ ಬಂದೆ. ನಡುವೆ ಯಾವ ಹುದ್ದೆ ಯಾವಾಗ ಬಂತು ಅನ್ನೋದನ್ನ ಬರೆಯೋಲ್ಲ, ಅದು ಯಾರಿಗೂ ಬೇಡ. ಈಗ ಆ ಕುರ್ಚಿಗೆ ಬಂದಿರೋ ಹುಡುಗಿ ಮೊನ್ನೆ ಫೋನ್ ಮಾಡಿ, "ಗಿರಿಜಕ್ಕ, ಆನ್‌ಲೈನ್ ಸಭೆ ನಡೆಸೋದು ಹೇಗೆ ಅಂತ ಒಂದು ಪೇಜು ಬರ್ಕೊಡಿ" ಅಂದಳು. ಒಂದು ಪೇಜಂತೆ! ಯಾವ ಗುಂಡಿ ಒತ್ತಬೇಕು ಅನ್ನೋದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಗುಂಡಿ ಒತ್ತಿದ ಮೇಲೆ ಏನಾಗುತ್ತೆ ಅನ್ನೋದನ್ನ ನಾನು ಹೇಳ್ತೀನಿ.

ನಮ್ಮ ಕಾಲದ ಸಭೆ ಅಂದರೆ ಶಾಮಿಯಾನ, ಮೈಕ್ ಸೆಟ್ಟು, ಜೀಪಿನಲ್ಲಿ ಕೂಗಿಕೊಂಡು ಹೋಗೋದು. ಕರಡುಗಳನ್ನ ಸ್ಟೆನ್ಸಿಲ್ ಕತ್ತರಿಸಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ತಿರುಗಿಸಿ ತೆಗೀತಿದ್ದೆ, ಮೊಣಕೈವರೆಗೂ ಮಸಿ. ಅದರಲ್ಲೆಲ್ಲ ನನಗೆ ಇಷ್ಟವಾದದ್ದು ನೀತಿ ಸಮಾವೇಶ. ಅದು ಭಾಷಣದ ಸಭೆಯಲ್ಲ. ಪಕ್ಷ ಯಾವ ವಿಷಯಕ್ಕೆ ಏನು ಹೇಳಬೇಕು ಅಂತ ಬೆಂಗಳೂರಿನಿಂದ ಒಂದು ಕರಡು ಬರುತ್ತೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಪ್ರತಿನಿಧಿಗಳು ಒಟ್ಟಿಗೆ ಕೂತು ಒಂದೊಂದೇ ಪ್ಯಾರಾ ಓದಿಸಿ, ಒಪ್ಪೋದು ಒಪ್ಪಿ, ತಿದ್ದೋದು ತಿದ್ದಿ ವಾಪಸ್ ಕಳಿಸ್ತಾರೆ. ನಮ್ಮ ಜನಕ್ಕೆ ಅದು ಒಂದು ಹಬ್ಬದ ಹಾಗೆ. ಜಗಳವಿಲ್ಲದೆ ಮುಗಿದರೆ ಊಟ ರುಚಿಸ್ತಿರಲಿಲ್ಲ.

ನಮ್ಮ ಅಧ್ಯಕ್ಷರು ರುದ್ರಪ್ಪನವರು. ಹಿರೇನಲ್ಲೂರು ಕಡೆಯವರು, ರಾಗಿ ತೆಂಗಿನ ಬೇಸಾಯ, ಬಿಳೀ ಪಂಚೆ, ಮೂಗಿನ ತುದಿಯಲ್ಲಿ ಕೋಪ. ವಾರಕ್ಕೊಮ್ಮೆಯಾದರೂ ನನಗೂ ಅವರಿಗೂ ಜಗಳ ಆಗ್ತಿತ್ತು. ಚಹಾ ತಣ್ಣಗಿದೆ ಅಂತ ಶುರುವಾದರೆ ಪಕ್ಷದ ಸಿದ್ಧಾಂತದವರೆಗೂ ಹೋಗ್ತಿತ್ತು. "ನೀನು ಅಧ್ಯಕ್ಷಳೋ ನಾನೋ?" ಅನ್ನೋರು. "ಅಧ್ಯಕ್ಷರು ನೀವೇ ಸಾರ್, ಆದರೆ ಕಚೇರಿ ಬೀಗದ ಕೈ ನನ್ನ ಹತ್ರ ಐತಲ್ಲ" ಅನ್ನುತ್ತಿದ್ದೆ. ಒಂದು ವಿಷಯದಲ್ಲಿ ಮಾತ್ರ ಅವರ ಮೇಲೆ ಬೆರಳು ತೋರಿಸೋ ಹಾಗಿರಲಿಲ್ಲ. ಪಕ್ಷದ ನಿಯಮ ಅಂದರೆ ನಿಯಮ. ತಮಗೆ ಆಗದಿದ್ದರೂ ಪಾಲಿಸ್ತಿದ್ದರು, ಬೈಕೊಂಡು ಪಾಲಿಸ್ತಿದ್ದರು.

ಆಮೇಲೆ ರೋಗ ಬಂತು, ಸಭೆಗಳೆಲ್ಲ ಫೋನಿಗೆ ಹೋದವು. ರೋಗ ಹೋಯ್ತು, ಆನ್‌ಲೈನ್ ಉಳೀತು. ಶಾಮಿಯಾನದ ಖರ್ಚಿಲ್ಲ, ಊಟದ ಖರ್ಚಿಲ್ಲ ಅಂತ ಬೆಂಗಳೂರಿನವರಿಗೆ ಖುಷಿ. ನೀತಿ ಸಮಾವೇಶವನ್ನೂ ಪರದೆ ಮೇಲೇ ಮಾಡಿ ಅಂತ ಅಪ್ಪಣೆಯಾಯಿತು. ನಡೆಸೋ ಜವಾಬ್ದಾರಿ ನನ್ನ ತಲೆಗೆ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಕಲಿತೆ.

ಮೊದಲು ಒಂದು ಪರೀಕ್ಷೆ ಸಭೆ ಇಟ್ಟುಕೊಂಡೆವು. ತರೀಕೆರೆಯವರು ಹೊಸ ಲ್ಯಾಪ್‌ಟಾಪ್ ತಂದಿದ್ದರು. ಹೊಸದು ಅಂದಮೇಲೆ ಪೂಜೆಯಿಲ್ಲದೆ ಶುರು ಮಾಡೋದುಂಟೆ? ಊದುಬತ್ತಿ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರು. ಬೊಟ್ಟು ಇಡೋಕೆ ಅದರ ಹಣೆಯ ನಡುಮಧ್ಯ ಅಂತ ಹುಡುಕಿ ಸರಿಯಾಗಿ ಕ್ಯಾಮೆರಾದ ಕಣ್ಣಿನ ಮೇಲೇ ಕುಂಕುಮ ಒತ್ತಿಬಿಟ್ಟಿದ್ದಾರೆ. ನಮಗೆ ಇಲ್ಲಿ ಬರೀ ಕೆಂಪು. "ತರೀಕೆರೆಯವರು ಕಾಣ್ತಿಲ್ಲ" ಅಂತ ನಾನು ಕೂಗಿದರೆ, "ನೀವು ಚೆನ್ನಾಗಿ ಕಾಣ್ತಿದೀರಿ ಗಿರಿಜಕ್ಕ, ಮುಂದುವರಿಸಿ" ಅಂತ ಅವರು. ಒರೆಸಿ ಅಂದೆ. ಇಟ್ಟ ಕುಂಕುಮ ಒರೆಸಬಾರದು ಅಂತ ಅಲ್ಲೇ ಚರ್ಚೆ ಶುರುವಾಯ್ತು. ಕೊನೆಗೆ ಯಾರೋ ಫೋನು ತೆಗೆದು ಅದರಲ್ಲಿ ಸೇರಿಕೊಂಡರು.

ಬೆಂಗಳೂರಿನ ಸೂಚನೆ ಸ್ಪಷ್ಟವಾಗೇ ಇತ್ತು. ಪ್ರತಿಯೊಬ್ಬ ಪ್ರತಿನಿಧಿ ತನ್ನ ಮನೆಯಲ್ಲಿ, ತನ್ನ ಫೋನಿನಲ್ಲಿ ಕೂರಬೇಕು. ನಾನು ಎಲ್ಲರಿಗೂ ಹೇಳಿದೆ. ಅಜ್ಜಂಪುರದ ಸಂಚಾಲಕರು ರಾಜರತ್ನಪ್ಪ, ಬ್ಯಾಂಕಿನಿಂದ ನಿವೃತ್ತರಾದ ಬೌದ್ಧ ಮನೆತನದವರು, ಬಹಳ ಸಮಾಧಾನದ ಮನುಷ್ಯ. ಅವರೇ ನಕ್ಕುಬಿಟ್ಟರು. "ಅಕ್ಕಾ, ಮನೇಲಿ ಒಬ್ನೇ ಕೂತ್ಕಂಡು ಸಭೆ ಮಾಡಕ್ಕೆ ನಾನೇನು ಹುಷಾರಿಲ್ದೋನಾ? ನಮ್ ಜನ ಒಪ್ಪಲ್ಲ ಕಣಕ್ಕ. ಸಭೆ ಅಂದ್ರೆ ಒಟ್ಟಿಗೆ ಕೂರೋದು." ಹಾಗೇ ಆಯಿತು. ಕಡೂರು ಪೇಟೆಯವರು ಮನೆಮನೆಯಲ್ಲಿ ಕೂತರು. ತರೀಕೆರೆಯವರು, ಲಕ್ಕವಳ್ಳಿಯಿಂದ ಬಂದವರ ಜೊತೆಗೆ, ಒಂದು ಮಂಟಪದಲ್ಲಿ. ಅಜ್ಜಂಪುರದವರು ರಾಜರತ್ನಪ್ಪನವರ ಮನೆ ಪಡಸಾಲೆಯಲ್ಲಿ. ನಮ್ಮ ತಾಲ್ಲೂಕಿನದೇ ಯಗಟಿಯವರು ಹಾಲಿನ ಡೇರಿ ಮುಂದೆ, ಗೋಡೆಗೆ ಒರಗಿಸಿದ ಒಂದು ಫೋನಿನ ಎದುರಿಗೆ.

ಈಗ ಕರಿಯಮ್ಮನ ವಿಷಯ ಹೇಳಬೇಕು. ಯಗಟಿ ಹತ್ತಿರದ ಹೆಣ್ಣುಮಗಳು, ಕುರಿ ಸಾಕಣೆ, ನಮ್ಮ ಮಹಿಳಾ ಪ್ರತಿನಿಧಿ. ಸಭೆಗೆ ಮುಂಚೆ ಒಂದು ದಿನ ಬಸ್ಸಿನಲ್ಲಿ ಕಚೇರಿಗೆ ಬಂದಳು. ಕರಡಿನ ಒಂದು ಪ್ಯಾರಾವನ್ನ ಯಾರೋ ಅವಳಿಗೆ ಓದಿ ಹೇಳಿದ್ದರು. ಬಳಕೆಯಲ್ಲಿಲ್ಲದ ಗೋಮಾಳಗಳನ್ನ ಸೌರ ವಿದ್ಯುತ್ ಕಂಪನಿಗಳಿಗೆ ಗುತ್ತಿಗೆ ಕೊಡೋದನ್ನ ಪಕ್ಷ ಬೆಂಬಲಿಸುತ್ತೆ ಅಂತ ಅದರಲ್ಲಿತ್ತು.

"ಅಕ್ಕಾ, ನಮ್ಮೂರ ಗೋಮಾಳದಾಗೆ ಆಗ್ಲೇ ಯಾರೋ ಓಡಾಡ್ತಾವ್ರೆ" ಅಂದಳು. "ಬಳಕೇಲಿಲ್ಲ ಅಂದ್ರೆ ಏನು? ನಾಟಿ ಮಾಡಿಲ್ಲ, ಮನೆ ಕಟ್ಟಿಲ್ಲ ಅಂತಾನಾ? ನಮ್ ಕುರಿ ಇನ್ನೆಲ್ಲಿ ಮೇಯ್ಬೇಕು? ಪಕ್ಷಾನೂ ಹೂಂ ಅಂದ್ಬಿಟ್ರೆ ನಮ್ ಪರ ಬಾಯ್ಬಿಡೋರು ಯಾರವ್ರೆ? ಹಿಂಡು ಮಾರಿ ಕೂಲಿಗೆ ಹೋಗ್ಬೇಕಾಯ್ತದೆ, ಅಷ್ಟೇಯ."

ಅವಳು ಹೇಳಿದ್ದನ್ನ ತಿದ್ದುಪಡಿ ಅಂತ ಬರೆದುಕೊಂಡೆ. ಕುರಿ ದನ ಮೇಯುವ ಜಾಗವನ್ನ ಬಳಕೆಯಲ್ಲಿಲ್ಲದ ಜಾಗ ಅನ್ನಬಾರದು, ಊರಿನವರನ್ನ ಕೇಳದೆ ಕೊಡಬಾರದು. ರುದ್ರಪ್ಪನವರಿಗೆ ತೋರಿಸಿದೆ. ಅವರು ಕರಡಿನ ಪರ ಇದ್ದರು. "ಬಯಲು ಸೀಮೆ ಹುಡುಗ್ರಿಗೆ ಕೆಲಸ ಎಲ್ಲೈತಮ್ಮ? ಕರೆಂಟಿನ ಕಂಪನಿ ಬಂದ್ರೆ ನಾಲ್ಕು ಜನಕ್ಕೆ ದಾರಿ ಆಗ್ತದೆ" ಅಂದರು. ಮನುಷ್ಯ ನಂಬಿ ಹೇಳಿದ ಮಾತದು. ಆದರೂ ತಿದ್ದುಪಡಿಯನ್ನ ಸಭೆ ಮುಂದೆ ಇಡಬೇಡ ಅನ್ನಲಿಲ್ಲ.

ಸಭೆಯ ದಿನ ಬೆಳಿಗ್ಗೆ ನಾನೂ ರುದ್ರಪ್ಪನವರೂ ಕಚೇರಿಯಲ್ಲಿ ಅಕ್ಕಪಕ್ಕ ಕೂತೆವು. ಕಚೇರಿ ರೈಲ್ವೆ ಸ್ಟೇಷನ್ ಹತ್ತಿರ, ರೈಲು ಬಂದಾಗೆಲ್ಲ ಸಭೆ ನಿಲ್ಲಿಸಿ ಕಾಯಬೇಕು. ಬೆಂಗಳೂರಿನಿಂದ ಒಬ್ಬ ವೀಕ್ಷಕ ಪರದೆಯಲ್ಲಿದ್ದ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಚಿಕ್ಕ ವಯಸ್ಸಿನವನು. ಮೊದಮೊದಲ ಪ್ಯಾರಾಗಳು ಸಲೀಸಾಗಿ ಹೋದವು. ಗೋಮಾಳದ ಪ್ಯಾರಾ ಬಂತು. ಕರಿಯಮ್ಮನ ಹೆಸರು ಕರೆದೆ.

ಎದ್ದು ನಿಂತಳು, ಸೆರಗು ಹೊದ್ದುಕೊಂಡು ಕೈ ಮುಗಿದಳು, ಮಾತಾಡೋಕೆ ಶುರು ಮಾಡಿದಳು. ತುಟಿ ಅಲ್ಲಾಡ್ತಿದೆ, ಕೈ ಆಡ್ತಿದೆ, ದನಿ ಮಾತ್ರ ಇಲ್ಲ. ಅವರ ಕಡೆ ಮೈಕು ಬಂದ್ ಆಗಿದೆ. ನಾನು ಕೂಗ್ತೀನಿ, ಅವರ ಫೋನಿನ ಸೌಂಡು ಸಣ್ಣಗಿದೆಯೋ ಏನೋ, ಅವಳಿಗೆ ಕೇಳಲ್ಲ. ಉಳಿದವರು ಯಾರಾದರೂ ಕೈ ಬೀಸಿ ತಡೀಬೇಕಲ್ಲ? ಇಲ್ಲ! ಮಾತಾಡ್ತಿರೋರನ್ನ ನಡುವೆ ತಡೆಯೋದು ಮರ್ಯಾದೆ ಅಲ್ಲ ಅಂತ ಮೂರು ತಾಲ್ಲೂಕೂ ಗಂಭೀರವಾಗಿ ಕೂತು ಆ ಮೂಕಭಾಷಣ ನೋಡಿತು. ಮುಗಿದಾಗ ಚಪ್ಪಾಳೆ ಬೇರೆ ಹೊಡೆದರು. ನನಗೆ ನಗು ತಡೀಲಿಲ್ಲ, ಅದರ ಹಿಂದೆಯೇ ಪಾಪ ಅನ್ನಿಸಿತು. ಡೇರಿಯ ಕಾರ್ಯದರ್ಶಿಗೆ ಬೇರೆ ಫೋನಿನಲ್ಲಿ ಹೇಳಿ ಮೈಕು ಹಾಕಿಸಿದೆ.

"ಇನ್ನೊಂದ್ಸಲ ಹೇಳಮ್ಮ, ಕೇಳಿಸಲಿಲ್ಲ" ಅಂದೆ.

"ಅಷ್ಟುದ್ದ ಹೇಳಿದ್ನಲ್ಲಕ್ಕ! ಇನ್ನೊಂದ್ಸಲ ಎಲ್ಲಿ ತರ್ಲಿ?" ಅಂದಳು. ಉಸಿರು ಎಳೆದುಕೊಂಡಳು. "ಆ ಜಾಗ ಬಳಕೇಲಿಲ್ಲ ಅಂತ ಬರ್ದೋರು ಒಂದಿನ ಬಂದು ನೋಡ್ಲಿ. ನಮ್ ಹೊಟ್ಟೆ ತುಂಬ್ತಿರೋದೇ ಅಲ್ಲಿ. ಇಷ್ಟೇ ನಾನ್ ಹೇಳೋದು." ಕೂತಳು.

ಮತಕ್ಕೆ ಹಾಕಿದೆವು. ಪರ, ವಿರೋಧ ಅಂತ ಎರಡು ಗುಂಡಿ ಪರದೆಯಲ್ಲಿ ಬರುತ್ತೆ, ಒಂದನ್ನ ಒತ್ತಬೇಕು. ಒತ್ತಿದರು. ತಿದ್ದುಪಡಿ ಬಿದ್ದುಹೋಯಿತು. ರುದ್ರಪ್ಪನವರು ಫಲಿತಾಂಶ ಹೇಳಿದರು. ಡೇರಿ ಮುಂದೆ ಕರಿಯಮ್ಮ ಮುಖ ತಗ್ಗಿಸಿದ್ದು ಆ ಚಿಕ್ಕ ಚೌಕದಲ್ಲೂ ಕಂಡಿತು. ನನಗೆ ಸಂಕಟವಾಯಿತು.

ಅಷ್ಟರಲ್ಲಿ ರಾಜರತ್ನಪ್ಪನವರ ದನಿ. "ಅಧ್ಯಕ್ಷರೇ, ಒಂದ್ ನಿಮಿಷ. ನಮ್ ಪಡಸಾಲೆ ತುಂಬ ಪ್ರತಿನಿಧಿಗಳು ಕೂತವ್ರೆ. ಇರೋದು ಒಂದು ಫೋನು. ಒಂದು ಫೋನಿಗೆ ಒಂದೇ ಮತ ಬಿತ್ತು. ಮಿಕ್ಕೋರು ಎಲ್ಲಿಗೆ ಹೋದ್ರು? ಹೆಸರು ಕರೆದು ಕೇಳಿ."

"ನಿಮ್ಮಲ್ಲಿ ಒತ್ತಿದೋರು ಯಾರು?" ಅಂತ ನಾನು ಕೇಳಿದೆ.

"ಹಿರಿಯರು ಅಂತ ನಮ್ ದೊಡ್ಡಪ್ಪನ ಕೈಗೆ ಕೊಟ್ವಿ. ಅವರು ಕನ್ನಡಕ ಬಿಟ್ಟು ಬಂದವ್ರೆ. ಯಾವ್ದು ಒತ್ತಿದ್ರೋ ಅವರಿಗೂ ಗೊತ್ತಿಲ್ಲ."

ತರೀಕೆರೆಯವರನ್ನ ಕೇಳಿದೆ. ಅಲ್ಲಿಂದ ಬಂದ ಉತ್ತರ ಕೇಳಿ ಹಣೆ ಚಚ್ಚಿಕೊಂಡೆ. ದೀಪ ಹಚ್ಚೋಕೆ ಅಂತ ಊರಿನ ತೆಂಗಿನಕಾಯಿ ವರ್ತಕರೊಬ್ಬರನ್ನ ಮುಖ್ಯ ಅತಿಥಿ ಮಾಡಿ ಕೂರಿಸಿದ್ದರು. ಮತ ಹಾಕೋ ಹೊತ್ತು ಬಂದಾಗ, ಅತಿಥಿಗಳು ಇರುವಾಗ ನಾವು ಒತ್ತೋದು ಚೆನ್ನಾಗಿರಲ್ಲ ಅಂತ ಅವರ ಅಮೃತ ಹಸ್ತದಿಂದಲೇ ಒತ್ತಿಸಿ, ಚಪ್ಪಾಳೆ ಹೊಡೆದು, ಶಾಲು ಹೊದಿಸಿದ್ದಾರೆ! ಆ ಪುಣ್ಯಾತ್ಮ ನಮ್ಮ ಪಕ್ಷದ ಸದಸ್ಯನೂ ಅಲ್ಲ.

ಬೆಂಗಳೂರಿನ ವೀಕ್ಷಕ, "ಮೇಡಂ, ಸಿಸ್ಟಂ ಏನು ತೋರಿಸುತ್ತೋ ಅದೇ ಫೈನಲ್. ಮುಂದಿನ ಪ್ಯಾರಾಕ್ಕೆ ಹೋಗೋಣ" ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ. ನನಗೆ ರೇಗಿತು. ಮೈಕು ಮುಚ್ಚಿ ರುದ್ರಪ್ಪನವರ ಕಡೆ ತಿರುಗಿದೆ.

"ಸಾರ್, ಇದು ಮತ ಅಲ್ಲ. ಹೆಸರು ಕರೆದು ಕೇಳಬೇಕು."

"ಮುಗಿದಿದ್ದನ್ನ ಯಾಕೆ ಕೆದಕ್ತೀಯ ಗಿರಿಜಾ?"

"ಹೆಸರು ಕರೆದು ಕೇಳಿ ಅಂತ ಒಬ್ಬ ಪ್ರತಿನಿಧಿ ಕೇಳಿದರೂ ಕೇಳಲೇಬೇಕು ಅಂತ ನಿಯಮ ಇದೆ. ನೀವೇ ನಮಗೆ ಹೇಳಿಕೊಟ್ಟಿದ್ದು. ರಾಜರತ್ನಪ್ಪನವರು ಕೇಳ್ತಿದ್ದಾರೆ."

ಅವರು ನನ್ನನ್ನ ಸುಟ್ಟುಬಿಡೋ ಹಾಗೆ ನೋಡಿದರು. ಹೆಸರು ಕರೆದರೆ ತಾವು ಸೋಲಬಹುದು ಅಂತ ಅವರಿಗೆ ಗೊತ್ತಿತ್ತು. ಪಂಚೆ ಕೊಡವಿಕೊಂಡು ಮೈಕು ತೆರೆದರು. "ಹಾಜರಿ ಪುಸ್ತಕ ತಗಳಮ್ಮ. ಹೆಸರು ಕರಿ" ಅಂದರು. ವೀಕ್ಷಕ ಏನೋ ಹೇಳೋಕೆ ಬಂದ. "ನೀನ್ ಸ್ವಲ್ಪ ಸುಮ್ಕಿರಪ್ಪ, ನಮ್ ಸಭೆ ನಾವು ಮಾಡ್ಕತೀವಿ" ಅಂದುಬಿಟ್ಟರು.

ಹೆಸರು ಕರೆಯೋದು ಸುಲಭ ಅಂದುಕೊಂಡಿದ್ದೆ. ಪ್ರತಿಯೊಬ್ಬರೂ ಎದ್ದು ಫೋನಿನ ಹತ್ತಿರ ಬರಬೇಕು, ಮುಖ ತೋರಿಸಬೇಕು, ಪರವೋ ವಿರೋಧವೋ ಹೇಳಬೇಕು. ನಮ್ಮ ಜನ ಒಂದೇ ಮಾತು ಹೇಳಿ ಕೂರೋರೇ? "ನಮಸ್ಕಾರ ಅಧ್ಯಕ್ಷರೇ, ಆರೋಗ್ಯನಾ? ಗಿರಿಜಕ್ಕ, ಸಣ್ಣಗಾಗಿದೀರಿ" ಅಂತ ಯೋಗಕ್ಷೇಮ ಕೇಳಿ, ನಮ್ಮ ಕಡೆ ಮಳೆ ಹೆಂಗೆ ಅಂತ ಹೇಳಿ, ಆಮೇಲೆ ಮತ. ಊಟದ ಹೊತ್ತು ಮೀರಿತು. ಯಾರೂ ಎದ್ದು ಹೋಗಲಿಲ್ಲ.

ಇನ್ನೊಂದು ವಿಚಿತ್ರ ನಡೀತು. ಗುಂಡಿ ಒತ್ತಿದವರ ಹೆಸರು ನನ್ನ ಪರದೆಯಲ್ಲಿ ಕಾಣ್ತಿತ್ತು, ಮನೆಯಲ್ಲಿ ಕೂತ ಕಡೂರಿನವರು ಬಹಳ ಜನ ವಿರೋಧ ಒತ್ತಿದ್ದರು. ಅವರಲ್ಲೊಬ್ಬರು ಗೊಬ್ಬರದ ಅಂಗಡಿಯವರು. ಹೆಸರು ಕರೆದಾಗ ಪರದೆ ಹತ್ತಿರ ಬಂದರು, ಗಂಟಲು ಸರಿ ಮಾಡಿಕೊಂಡರು. ಎದುರಿಗೆ ಯಗಟಿಯ ಚೌಕದಲ್ಲಿ ಕರಿಯಮ್ಮ ನೆಟ್ಟ ಕಣ್ಣಿನಿಂದ ನೋಡ್ತಾ ಕೂತಿದ್ದಾಳೆ. "ಚೆನ್ನಾಗಿದೀಯೇನಮ್ಮ ಕರಿಯಮ್ಮ" ಅಂದರು. "ಹೂಂ ಕಣಣ್ಣ" ಅಂದಳು. ಆ ಮನುಷ್ಯ, "ತಿದ್ದುಪಡಿ ಪರ ಅಂತ ಬರ್ಕಳಿ" ಅಂದರು. ಮುಖ ಕಾಣದಾಗ ಬೇಡ ಅನ್ನೋದು ಸುಲಭ, ಮುಖ ನೋಡಿ ಅನ್ನೋದು ಕಷ್ಟ. ಇದನ್ನ ಮುಖದಾಕ್ಷಿಣ್ಯ ಅಂತ ಬೈಯೋರು ಬೈಯಲಿ.

ಆದರೆ ಎಲ್ಲರೂ ಹಾಗೆ ತಿರುಗಲಿಲ್ಲ. ಕೊನೆಗೆ ಅಧ್ಯಕ್ಷರ ಹೆಸರು ಕರೆದೆ. ರುದ್ರಪ್ಪನವರು ಪಕ್ಕದಲ್ಲೇ ಇದ್ದರೂ ಎದ್ದು ನಿಂತರು. "ನಾನು ವಿರೋಧ. ಕರಿಯಮ್ಮ, ನಿನ್ನ ಮೇಲೆ ಸಿಟ್ಟಿಲ್ಲ ಕಣಮ್ಮ. ಹುಡುಗ್ರಿಗೆ ಕೆಲಸ ಬೇಕು ಅಂತ ನನ್ನ ಮನಸಲ್ಲಿ ಐತೆ, ಅದ್ಕೇ ವಿರೋಧ" ಅಂದರು. ಆಗ ಅವರ ಬಗ್ಗೆ ನನಗೆ ಗೌರವ ಬಂತು, ಸುಳ್ಳು ಯಾಕೆ ಹೇಳಲಿ.

ತಿದ್ದುಪಡಿ ಗೆದ್ದಿತು. ಡೇರಿ ಮುಂದಿನವರು ಕೇಕೆ ಹಾಕಿದರು. ಅಜ್ಜಂಪುರದ ಪಡಸಾಲೆಯಲ್ಲಿ ಕನ್ನಡಕ ಮರೆತ ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ಈ ಕೆಲಸಕ್ಕೆ ಬರೋರು ಮುಂದಿನದೂ ತಿಳಿದಿರಬೇಕು. ಕೆಲವು ತಿಂಗಳಾದ ಮೇಲೆ ಬೆಂಗಳೂರಿನಿಂದ ಅಚ್ಚಾದ ನೀತಿ ಪುಸ್ತಕ ಬಂತು. ಆತುರದಿಂದ ಪುಟ ತಿರುಗಿಸಿದೆ. ಗೋಮಾಳದ ಪ್ಯಾರಾ ಕರಡಿನಲ್ಲಿ ಹೇಗಿತ್ತೋ ಹಾಗೇ ಇದೆ. ನಮ್ಮ ಸಾಲು ಇಲ್ಲ. ಫೋನ್ ಮಾಡಿ ಕೇಳಿದರೆ, "ಎಲ್ಲ ಜಿಲ್ಲೆಯ ತಿದ್ದುಪಡಿ ಹಾಕೋಕಾಗುತ್ತಾ ಮೇಡಂ?" ಅಂದರು. ಪುಸ್ತಕ ಮೇಜಿನ ಮೇಲೆ ಎಸೆದೆ. ಕರಿಯಮ್ಮನಿಗೆ ಹೇಳೋದು ಹೇಗೆ ಅಂತ ಒದ್ದಾಡಿದೆ. ಕೊನೆಗೆ ಫೋನಿನಲ್ಲಿ ಬೇಡ, ಮುಖ ನೋಡಿಯೇ ಹೇಳೋಣ ಅಂತ ಯಗಟಿಗೆ ಹೋದೆ.

ಕೇಳಿಸಿಕೊಂಡಳು. ಅಳಲಿಲ್ಲ. "ಪುಸ್ತಕದಾಗೆ ಇಲ್ದಿದ್ರೆ ಏನಕ್ಕಾ? ನನಗೇನು ಓದಕ್ ಬತ್ತದಾ?" ಅಂದಳು. "ನೀನು ಹೆಸರಿಟ್ಟು ಕರೆದೆ, ಒಬ್ಬೊಬ್ರೂ ಎದ್ದು ಬಂದು ಬಾಯ್ಬಿಟ್ಟು ಹೇಳಿದ್ರು. ಮಾತು ಅಂದ್ಮೇಲೆ ಮಾತೇ ಅಲ್ವಾ?"

ಅದು ಬರೀ ಪಕ್ಷದ ಸಭೆ ಕಣಮ್ಮ, ಅದಕ್ಕೆ ಕಾನೂನಿನ ಬಲ ಇಲ್ಲ ಅಂತ ಹೇಳಬೇಕಿತ್ತು. ನಾನು ನಿವೃತ್ತಿಯ ಅಂಚಿನಲ್ಲಿದ್ದವಳು, ಇಷ್ಟು ವರ್ಷ ಎಷ್ಟು ಠರಾವು ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. ಒಂದನ್ನೂ ನಾನು ಅವಳು ನಂಬಿದ ಹಾಗೆ ನಂಬಿರಲಿಲ್ಲ.

ಯಗಟಿಯ ಗೋಮಾಳವನ್ನ ಕಂಪನಿಗೆ ಕೊಡೋಕೆ ಅಳತೆಗೆ ಬರ್ತಾರೆ ಅಂತ ಸುದ್ದಿ ಬಂದಾಗ ಕರಿಯಮ್ಮ ಹಿಂಡನ್ನ ಓರಗಿತ್ತಿಗೆ ಒಪ್ಪಿಸಿ ಬಸ್ಸು ಹತ್ತಿದಳು. ಕಡೂರು, ತರೀಕೆರೆ, ಅಜ್ಜಂಪುರ. ಅವತ್ತು ಪರ ಅಂದವರ ಮನೆಬಾಗಿಲಿಗೆ ಹೋಗಿ, "ಅಣ್ಣ, ಅವತ್ತು ಹೇಳಿದ್ರಲ್ಲ, ಬಂದು ನಿಂತ್ಕಳಿ" ಅಂದಳು, ಅಷ್ಟೇ. ಗೊಬ್ಬರದ ಅಂಗಡಿಯವರು ಅಂಗಡಿ ಮುಚ್ಚಿ ಬಂದರು. ರಾಜರತ್ನಪ್ಪ ಒಂದು ಗಾಡಿ ತುಂಬ ಜನ ಕರಕೊಂಡು ಬಂದರು. ಬಾರದೆ ತಪ್ಪಿಸಿಕೊಂಡವರೂ ಇದ್ದರು, ಇಲ್ಲ ಅನ್ನಲ್ಲ. ಕೊನೆಗೆ ರುದ್ರಪ್ಪನವರ ಮನೆಗೆ ಹೋಗಿದ್ದಾಳೆ. "ನಾನು ವಿರೋಧ ಅಂದಿದ್ದೆ ಕಣಮ್ಮ" ಅಂದರಂತೆ. "ಗೊತ್ತು ಕಣಣ್ಣ. ನೀವು ಬರ್ಲೇಬೇಕು ಅಂತಿಲ್ಲ, ಹೇಳ್ದೆ ಹೋದ್ರೆ ಚೆನ್ನಾಗಿರಲ್ಲ ಅಂತ ಬಂದೆ" ಅಂದಳಂತೆ.

ಆ ದಿನ ನಾನೂ ಹೋಗಿದ್ದೆ. ಬಿಸಿಲು ಸುಡ್ತಿತ್ತು. ಅಳತೆಯವರು ಗಾಡಿಯಿಂದ ಇಳಿದು ಇಷ್ಟು ಜನ ನೋಡಿ ತಬ್ಬಿಬ್ಬಾದರು. ಅವರ ಜೊತೆ ಬಂದಿದ್ದ ಕಂಪನಿಯ ಕಡೆಯವನು, "ನಿಮ್ಮ ಪಕ್ಷದ ಪುಸ್ತಕದಲ್ಲೇ ಒಪ್ಪಿಗೆ ಇದೆಯಲ್ರೀ" ಅಂತ ನಗುತ್ತಾ ಅಂದ. ಆ ಪುಸ್ತಕವನ್ನ ಊರೂರಿಗೆ ಹಂಚಿದವಳೇ ನಾನು.

ಹಿಂದಿನಿಂದ ಯಾರೋ ಜನರನ್ನ ಸರಿಸಿಕೊಂಡು ಬಂದರು. ಬಿಳೀ ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿದ ರುದ್ರಪ್ಪನವರು. ಬಂದು ಕರಿಯಮ್ಮನ ಪಕ್ಕ ನಿಂತರು.

"ಪುಸ್ತಕ ಅತ್ಲಾಗಿರ್ಲಿ" ಅಂದರು. "ಈಯಮ್ಮನ ತಿದ್ದುಪಡಿಗೆ ವಿರೋಧ ಹೇಳಿದೋನು ನಾನು. ನನ್ನ ಸಭೇಲಿ ನಾನೇ ಸೋತೆ. ಸೋತೋನು ಹೇಳ್ತಾ ಇದೀನಿ ಕೇಳಪ್ಪ, ಇವರನ್ನ ಕೇಳ್ದೆ ಇಲ್ಲಿ ಒಂದು ಕಲ್ಲು ನೆಡಂಗಿಲ್ಲ."

ಅಳತೆಯವರು ಮುಖ ಮುಖ ನೋಡಿಕೊಂಡರು, ಇನ್ನೊಂದು ದಿನ ಬರ್ತೀವಿ ಅಂತ ಗಾಡಿ ತಿರುಗಿಸಿದರು. ಬರಬಹುದು, ಇನ್ನೂ ಬಂದಿಲ್ಲ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಡೀ ಜೀವಮಾನ ಆ ಮನುಷ್ಯನ ಜೊತೆ ಜಗಳ ಆಡಿದ್ದೆ, ಅವತ್ತು ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ. ಅವರ ಪಕ್ಕ ಹೋಗಿ, "ನಡೀರಿ ಸಾರ್, ಬಸ್ಸಿನ ಹೊತ್ತಾಯ್ತು" ಅಂದೆ.